ಹುಳದ ಮನೆಯ ಎಚ್ಚರ

ಮಾಗಡಿ ಕಡೆಯಿಂದ ಹೋದರೆ ಕಲ್ಯದ ಬೆಟ್ಟ ಮೊದಲು ಕಾಣುತ್ತದೆ, ಊರು ಆಮೇಲೆ. ಬಿಸಿಲಿಗೆ ಕಾದ ಬೋಳು ಬಂಡೆ, ಸಂದಿಗಳಲ್ಲಿ ಕುರುಚಲು ಗಿಡ. ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯ ತೀರಿಸಿ ವಿಜಯನಗರದ ಬುಕ್ಕರಾಯ 1368ರಲ್ಲಿ ಬರೆಸಿದ ಶಾಸನ ಶ್ರವಣಬೆಳಗೊಳದಲ್ಲಿ ಇರುವಂತೆ ಇಲ್ಲೂ ಉಂಟು. ಕವಿ ಪಾಲ್ಕುರಿಕೆ ಸೋಮನಾಥ ಕೊನೆಯುಸಿರೆಳೆದದ್ದು ಇಲ್ಲೇ ಎಂದು ನಂಬಿಕೊಂಡು ಬರುವವರೂ ಉಂಟು. ಅವರೆಲ್ಲ ಬೆಳಿಗ್ಗೆ ಬಂದು ಬೆಟ್ಟ ಹತ್ತಿ, ಫೋಟೊ ತೆಗೆದು, ಬಿಸಿಲೇರುವ ಹೊತ್ತಿಗೆ ಹೊರಟುಬಿಡುತ್ತಾರೆ. ಆಮೇಲೆ ಉಳಿಯುವುದು ರಾಗಿ ಹೊಲ, ಮಾವಿನ ತೋಪು, ಡೇರಿಗೆ ಹಾಲು ಹಾಕುವ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ.

ಈ ಸೀಮೆಯ ಊರುಗಳ ಬೆಳಗು ಈಗ ಶುದ್ಧ ನೀರಿನ ಘಟಕದ ಮುಂದೆ ಶುರುವಾಗುತ್ತದೆ. ಹಿಂದೆ ಬಾವಿಕಟ್ಟೆಯ ಹತ್ತಿರ ನಡೆಯುತ್ತಿದ್ದ ಮಾತುಕತೆಯೆಲ್ಲ ಇಲ್ಲಿಗೆ ಬಂದಿದೆ. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ಬೈಕಿನ ಎರಡು ಪಕ್ಕಕ್ಕೂ ಕೊಕ್ಕೆ ಹಾಕಿ ತೂಗುಬಿಟ್ಟ ಕ್ಯಾನುಗಳು, ತಲೆಯ ಮೇಲಿನ ಕ್ಯಾನುಗಳು, ಹುಡುಗರು ಕಾಲಲ್ಲಿ ಒದ್ದು ಉರುಳಿಸಿಕೊಂಡು ಬರುವ ಖಾಲಿ ಕ್ಯಾನುಗಳು. ತಿಳಿ ನೀಲಿ ಬಣ್ಣ, ಗಟ್ಟಿ ಮೈ, ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ಎಷ್ಟೋ ವರ್ಷದಿಂದ ಬಿಸಿಲಲ್ಲಿ ಒಣಗಿ, ಒಳಗೆ ಪಾಚಿ ಕಟ್ಟಿದಾಗೆಲ್ಲ ಸೋಪಿನ ಪುಡಿ, ತೆಂಗಿನ ನಾರು, ಒಂದು ಹಿಡಿ ಮರಳು ಹಾಕಿ ಕುಲುಕಿ ತೊಳೆಸಿಕೊಂಡು, ಗಾಜಿನಂತೆ ಇದ್ದದ್ದು ಮಂಜು ಹಿಡಿದ ಕನ್ನಡಿಯ ಹಾಗಾಗಿದೆ. ಬುಡ ಮಗುಚಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕಿ. ಕೆಲವದರಲ್ಲಿ 1, ಕೆಲವದರಲ್ಲಿ 7. ಆ ಏಳನ್ನು ನೋಡುವವರು ಯಾರೂ ಇಲ್ಲ. ಅದರ ಮಾತಿಗೆ ಆಮೇಲೆ ಬರೋಣ.

ಮೊದಲು ರೇಷ್ಮೆ ಹುಳದ ಮನೆಗೆ ಹೋಗಬೇಕು. ಈ ಭಾಗದಲ್ಲಿ ಯಾವ ಊರಿಗೆ ಹೋದರೂ ಅಷ್ಟು ಸುಲಭವಾಗಿ ಒಳಗೆ ಬಿಡದ ಜಾಗ ದೇವಸ್ಥಾನದ ಗರ್ಭಗುಡಿ ಬಿಟ್ಟರೆ ಇದೊಂದೇ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಹೊಸ್ತಿಲಲ್ಲಿ ಹರಡಿದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಮೆಟ್ಟಿಕೊಂಡು ಹೋಗಬೇಕು. ಬೀಡಿ ಸೇದಿದ ಕೈ ಆಗದು. ಮುಖಕ್ಕೆ ಪೌಡರ್ ಹಚ್ಚಿದ್ದರೆ ಹೊರಗೇ ನಿಲ್ಲಬೇಕು. ಊದುಬತ್ತಿ ಹಚ್ಚುವಂತಿಲ್ಲ. ಸೊಳ್ಳೆಬತ್ತಿಯ ಮಾತಂತೂ ಆಡುವಂತೆಯೇ ಇಲ್ಲ, ಪಕ್ಕದ ಕೋಣೆಯಲ್ಲಿ ಹಚ್ಚಿದರೂ ಹುಳ ಸಾಯುತ್ತದೆ. ಪಕ್ಕದ ಹೊಲದವನು ತರಕಾರಿಗೆ ಔಷಧಿ ಹೊಡೆದ ಎಂದು ಗೊತ್ತಾದರೆ ಆ ಬದಿಯ ಸೊಪ್ಪನ್ನು ಎಷ್ಟೋ ದಿನ ಮುಟ್ಟುವುದಿಲ್ಲ.

ಒಳಗೆ ಅರೆಗತ್ತಲು. ಸಾವಿರಾರು ಬಾಯಿಗಳು ಸೊಪ್ಪು ಕೊರೆಯುವ ಸದ್ದು ತಗಡಿನ ಮೇಲೆ ತುಂತುರು ಮಳೆ ಬಿದ್ದಂತೆ ಕೇಳುತ್ತದೆ. ನೂರು ಮೊಟ್ಟೆ, ಅಂದರೆ ನೂರು ಚಿಟ್ಟೆಗಳಿಟ್ಟ ಮೊಟ್ಟೆ, ತಂದರೆ ನಲವತ್ತು ಸಾವಿರಕ್ಕೂ ಮೇಲೆ ಹುಳ. ಮರಿಹುಳಗಳ ಚಾಕಿ ಕಟ್ಟಿ, ಪೊರೆ ಬಿಡುವ ನಾಲ್ಕು ಜ್ವರಗಳನ್ನು ಒಂದೊಂದಾಗಿ ದಾಟಿಸಿ, ಐದನೇ ಹಂತದಲ್ಲಿ ಹೊತ್ತುಹೊತ್ತಿಗೆ ಹೊರೆ ಸೊಪ್ಪು ಸುರಿದು, ಸುಮಾರು ಇಪ್ಪತ್ತೈದು ದಿನಕ್ಕೆ ಹುಳ ಹಣ್ಣಾಗುತ್ತದೆ. ಹಣ್ಣಾದ ಹುಳ ತಿನ್ನುವುದನ್ನು ಬಿಡುತ್ತದೆ, ಮೈ ಹೊಂಬಣ್ಣಕ್ಕೆ ತಿರುಗುತ್ತದೆ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತದೆ. ಆಗ ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಂದ್ರಿಕೆ ಈಗ ಕಡಿಮೆ, ಬಹಳ ಕಡೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ.

ಹಣ್ಣಾಗುವುದು ಒಂದೇ ಸಲ ಆಗುವುದಿಲ್ಲ. ಇವತ್ತು ಅರ್ಧ, ನಾಳೆ ಕಾಲು, ನಾಡಿದ್ದು ಮಿಕ್ಕಿದ್ದು. ಆಳು ಸಿಗದ ಕಾಲದಲ್ಲಿ ಇದು ದೊಡ್ಡ ತಾಪತ್ರಯ. ಅದಕ್ಕೊಂದು ಉಪಾಯ ಬಂದಿದೆ. ಒಂದು ಪುಟ್ಟ ಬಾಟಲಿಯ ದ್ರಾವಣವನ್ನು ಕೆಲವು ಲೀಟರ್ ನೀರಿಗೆ ಬೆರೆಸಿ ಕೊನೆಯ ಸೊಪ್ಪಿನ ಮೇಲೆ ಚಿಮುಕಿಸುವುದು. ಗಿಡದಿಂದ ತೆಗೆದ ಆ ಸತ್ವ ಹುಳದ ಮೈಯಲ್ಲಿ ತಾನಾಗಿ ಹುಟ್ಟುವ ಒಂದು ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಮಾರನೆಯ ದಿನದ ಹೊತ್ತಿಗೆ ಮನೆಯ ಹುಳವೆಲ್ಲ ಜೊತೆಯಾಗಿ ಹಣ್ಣಾಗಿ ಮೇಲೇರಲು ಹೊರಡುತ್ತದೆ.

"ಎಷ್ಟು ಹಾಕ್ತೀರಿ?" ಎಂದು ಕೇಳಿದರೆ ಹುಳದ ಮನೆಯ ಯಜಮಾನಿ ಬಾಟಲಿಯ ಮುಚ್ಚಳ ತೋರಿಸುತ್ತಾರೆ. "ಇಷ್ಟೇ. ಆದ್ರೆ ಹೊತ್ತು ತಪ್ಪಬಾರದು. ಮುಂಚೆ ಹಾಕಿದ್ರೆ ಗೂಡು ಸಣ್ಣ ಆಯ್ತದೆ."

ಹಾರ್ಮೋನು ಶಾಸ್ತ್ರದ ಎರಡು ಮೂಲ ಪಾಠಗಳೂ ಆ ಮಾತಿನೊಳಗೇ ಇವೆ. ಪ್ರಮಾಣ ತೀರ ಕಡಿಮೆ ಇದ್ದರೂ ಸಾಕು, ಮತ್ತು ಹೊತ್ತು ಮುಖ್ಯ. ಎಷ್ಟು ಕಡಿಮೆ ಎಂಬುದಕ್ಕೆ ಒಂದು ಲೆಕ್ಕ ಇದೆ. 1954ರಲ್ಲಿ ಜರ್ಮನಿಯ ಅಡೋಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್ಸನ್ ರೇಷ್ಮೆ ಹುಳದ ಈ ಹಾರ್ಮೋನನ್ನು ಮೊದಲ ಬಾರಿಗೆ ಶುದ್ಧ ಹರಳಾಗಿ ಬೇರ್ಪಡಿಸಿದರು. ಅದಕ್ಕೆ ಬೇಕಾದದ್ದು 500 ಕಿಲೋ ಕೋಶ, ಅಂದರೆ ಗೂಡಿನೊಳಗಿನ ಹುಳ. ಕೈಗೆ ಬಂದದ್ದು 25 ಮಿಲಿಗ್ರಾಂ. ಉಗುರಿನ ತುದಿಯಲ್ಲಿ ಎತ್ತಬಹುದಾದಷ್ಟು. ಅದಕ್ಕೂ 25 ವರ್ಷ ಹಿಂದೆ, 1929ರಲ್ಲಿ, ಇದೇ ಬುಟೆನಾಂಟ್ ಮನುಷ್ಯ ಸ್ತ್ರೀಯ ಹಾರ್ಮೋನಾದ ಈಸ್ಟ್ರೋನನ್ನು ಬೇರ್ಪಡಿಸಿದ್ದರು. ಅವರಿಗೆ 1939ರಲ್ಲಿ ನೊಬೆಲ್ ಬಂದದ್ದು ಈ ಲೈಂಗಿಕ ಹಾರ್ಮೋನುಗಳ ಕೆಲಸಕ್ಕೆ. ಹುಳವಾಗಲಿ ಹುಡುಗಿಯಾಗಲಿ, ಮೈಯೊಳಗೆ ಓಲೆ ಸಾಗಿಸುವ ಏರ್ಪಾಟು ಒಂದೇ ಬಗೆಯದು. ಓಲೆಯ ಅಕ್ಷರ ಮಾತ್ರ ಬೇರೆ.

ಸುಳ್ಳು ಓಲೆ ಬಂದರೆ ಏನಾಗುತ್ತದೆ ಎಂಬುದನ್ನೂ ರೇಷ್ಮೆ ಹುಳವೇ ತೋರಿಸಿಕೊಟ್ಟಿದೆ. 1980ರ ದಶಕದ ಕೊನೆಯಿಂದ ಉತ್ತರ ಇಟಲಿಯ ರೇಷ್ಮೆ ಬೆಳೆಗಾರರಿಗೆ ಒಂದು ವಿಚಿತ್ರ ಕಾಯಿಲೆ ಎದುರಾಯಿತು. ಹುಳ ಸಾಯುತ್ತಿರಲಿಲ್ಲ. ಚೆನ್ನಾಗಿ ತಿನ್ನುತ್ತಿತ್ತು, ದಪ್ಪವಾಗುತ್ತಿತ್ತು, ತಿನ್ನುತ್ತಲೇ ಇರುತ್ತಿತ್ತು. ಗೂಡು ಮಾತ್ರ ಕಟ್ಟುತ್ತಿರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಹಣ್ಣಿನ ತೋಟಗಳಿಗೆ ಹೊಡೆಯುತ್ತಿದ್ದ ಫೆನಾಕ್ಸಿಕಾರ್ಬ್ ಎಂಬ ಕೀಟನಾಶಕ. ಹುಳವನ್ನು ಎಳೆತನದಲ್ಲೇ ಇರಿಸುವ ಹಾರ್ಮೋನಿನ ನಕಲು ಅದು. ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆಯ ಮೇಲೆ ಕೂತ ಅದರ ಲವಲೇಶ ಸಾಕಾಗಿತ್ತು, ನೀನಿನ್ನೂ ದೊಡ್ಡವನಾಗಿಲ್ಲ ಎಂದು ಹುಳಕ್ಕೆ ಸುಳ್ಳು ಹೇಳಲು. ಈ ಕಥೆ ಹೇಳಿದರೆ ಮಾಗಡಿ, ಕನಕಪುರದ ರೇಷ್ಮೆ ಬೆಳೆಗಾರರು ಯಾರೂ ಆಶ್ಚರ್ಯಪಡುವುದಿಲ್ಲ. "ಅದಕ್ಕೇ ಸ್ವಾಮಿ ನಾವು ಯಾರ್ನೂ ಒಳಗ್ ಬಿಡಲ್ಲ" ಅನ್ನುತ್ತಾರೆ.

ಇನ್ನು ಹುಳದ ಮನೆಯಿಂದ ಹೊರಗೆ ಬಂದು ಅದೇ ಮನೆಯ ಜಗುಲಿಯನ್ನು ನೋಡಿ.

ಒಂದೂವರೆ ವರ್ಷದ ಮಗು. ಸೊಂಟದಲ್ಲಿ ಉಡಿದಾರ, ಕೆನ್ನೆಯಲ್ಲಿ ದೃಷ್ಟಿಬೊಟ್ಟು. ಕೈಯಲ್ಲಿ ಗುಲಾಬಿ ಬಣ್ಣದ ಮೆತ್ತನೆಯ ಬಾತುಕೋಳಿ, ಒತ್ತಿದರೆ ಕೀಚ್ ಅನ್ನುವಂಥದು. ಹಲ್ಲು ಬರುತ್ತಿರುವ ಕಾಲ, ಬಾತುಕೋಳಿಯ ಬಾಲ ಪೂರ್ತಿ ಬಾಯೊಳಗೆ. ಜೊಲ್ಲು ಸುರಿದು ಗುಲಾಬಿ ಬಣ್ಣ ಬಾಲದ ತುದಿಯಲ್ಲಿ ಮಾಸಿದೆ. ಅಜ್ಜಿ ರಾಗಿ ಸರಿ ಕಾಯಿಸಿ ತಂದಿದ್ದಾರೆ, ಒಲೆಯಿಂದ ಇಳಿಸಿದ್ದು ಇನ್ನೂ ಹೊಗೆಯಾಡುತ್ತಿದೆ. ಅದನ್ನು ಸುರಿದದ್ದು ಅಂಗಡಿಯಲ್ಲಿ ಏನೋ ಕೊಂಡಾಗ ಪುಕ್ಕಟೆ ಸಿಕ್ಕ ಪ್ಲಾಸ್ಟಿಕ್ ಬಟ್ಟಲಿಗೆ. ಬಟ್ಟಲಿನ ಅಂಚಿನಲ್ಲಿ ಚಮಚ ಕೆರೆದ ಗೀರುಗಳು. ಹಾಲಿನ ಬಾಟಲಿ ಪಕ್ಕದಲ್ಲಿದೆ, ಅದಕ್ಕೆ ಕಂಪನಿಯ ಹೆಸರೂ ಇಲ್ಲ, ಐಎಸ್‌ಐ ಗುರುತೂ ಇಲ್ಲ. ಪಕ್ಕದ ಹೊಲದ ಔಷಧಿಯ ಗಾಳಿ ಹುಳಕ್ಕೆ ತಾಕದಂತೆ ನೋಡಿಕೊಂಡ ಮನೆ ಇದು. ಮಗುವಿನ ಬಾಯಲ್ಲಿರುವುದು ಏನು ಎಂದು ಕೇಳುವವರಿಲ್ಲ. ಅವರ ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ಹುಳದ ವಿಷಯ ಹೇಳಲು ರೇಷ್ಮೆ ಇಲಾಖೆ ಇದೆ, ತಾಂತ್ರಿಕ ಸೇವಾ ಕೇಂದ್ರ ಇದೆ, ಬೆಳೆ ಹೋದರೆ ಕಣ್ಣಿಗೆ ಕಾಣುತ್ತದೆ, ಮಾರ್ಕೆಟ್ಟಿನಲ್ಲಿ ಹರಾಜಿನ ರೇಟು ಅದೇ ದಿನ ಹೇಳಿಬಿಡುತ್ತದೆ. ಮಗುವಿನ ಲೆಕ್ಕಕ್ಕೆ ಅಂಥ ಮಾರ್ಕೆಟ್ಟಿಲ್ಲ.

ಬಾತುಕೋಳಿಯ ವಿಷಯ ಹೀಗೆ. ಪಿವಿಸಿ ಎಂಬ ಪ್ಲಾಸ್ಟಿಕ್ ತನ್ನಷ್ಟಕ್ಕೆ ಗಟ್ಟಿ, ನೀರಿನ ಪೈಪಿನ ಹಾಗೆ. ಅದನ್ನು ಮಗುವಿನ ಕೈಗೆ ಹಿತವಾಗುವಷ್ಟು ಮೆತ್ತಗೆ ಮಾಡಲು ಥಾಲೇಟ್ ಎಂಬ ಎಣ್ಣೆಯಂಥ ರಾಸಾಯನಿಕಗಳನ್ನು ಬೆರೆಸುತ್ತಾರೆ. ಮೆತ್ತನೆಯ ಪಿವಿಸಿಯ ತೂಕದಲ್ಲಿ ಮೂರನೇ ಒಂದು ಭಾಗದಷ್ಟು ಇದೇ ಇದ್ದರೂ ಇರಬಹುದು. ಥಾಲೇಟ್ ಪ್ಲಾಸ್ಟಿಕ್ಕಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ, ಸಂದಿಯಲ್ಲಿ ಕೂತಿರುತ್ತದೆ ಅಷ್ಟೇ. ಜಗಿದರೆ, ಬಿಸಿ ತಾಕಿದರೆ, ಜಿಡ್ಡು ಸೋಕಿದರೆ ಹೊರಗೆ ಬರುತ್ತದೆ. ಹಳೆಯ ಆಟಿಕೆ ಕೈಗೆ ಅಂಟಂಟಾಗುವುದನ್ನು ನೀವು ಗಮನಿಸಿರಬಹುದು. ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡಬರುವುದು ಇವುಗಳಲ್ಲಿ ಹಲವದರ ಗುಣ. ಅಮೆರಿಕದಲ್ಲಿ ಶನ್ನಾ ಸ್ವಾನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿಯ ಮೂತ್ರದಲ್ಲಿ ಥಾಲೇಟ್ ಅಂಶ ಹೆಚ್ಚಿದ್ದಷ್ಟೂ ಅವಳಿಗೆ ಹುಟ್ಟಿದ ಗಂಡುಮಗುವಿನ ಜನನಾಂಗದ ಬೆಳವಣಿಗೆಯ ಒಂದು ಅಳತೆ ಕಡಿಮೆಯಾಗಿರುವುದು ಕಂಡಿತು. ಇಲಿಗಳಲ್ಲಿ ಅದಕ್ಕೆ ಮುಂಚೆಯೇ ಕಂಡಿದ್ದ ವಿಷಯ ಅದು. ಮನುಷ್ಯರ ಮೇಲಿನ ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆ, ಇದರಿಂದಲೇ ಅದು ಎಂದು ಬೊಟ್ಟು ಮಾಡಿ ತೋರಿಸುವುದು ಕಷ್ಟ. ಬೇಕೆಂದು ಮಕ್ಕಳಿಗೆ ವಿಷ ತಿನ್ನಿಸಿ ಪರೀಕ್ಷೆ ಮಾಡಲು ಯಾರಿಗೂ ಆಗದಷ್ಟೆ.

ಮಕ್ಕಳಿಗೇ ಯಾಕೆ ಹೆಚ್ಚು ಅಂದರೆ, ಅವರು ತಮ್ಮ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಉಣ್ಣುತ್ತಾರೆ, ಹೆಚ್ಚು ಕುಡಿಯುತ್ತಾರೆ, ಹೆಚ್ಚು ಉಸಿರಾಡುತ್ತಾರೆ. ನೆಲದ ಮೇಲೇ ಇರುತ್ತಾರೆ. ಸಿಕ್ಕಿದ್ದೆಲ್ಲ ಬಾಯಿಗೆ. ಇಂಥ ರಾಸಾಯನಿಕಗಳನ್ನು ಕಳಚಿ ಹೊರಹಾಕುವ ಯಕೃತ್ತಿನ ಕೆಲಸ ಎಳೆಗೂಸಿನಲ್ಲಿ ಇನ್ನೂ ಪಳಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹುಳದ ಮನೆಯ ಯಜಮಾನಿ ಹೇಳಿದ ಹಾಗೆ, ಹೊತ್ತು. ಮೆದುಳು, ಜನನಾಂಗ, ಥೈರಾಯ್ಡ್ ಎಲ್ಲ ಹಾರ್ಮೋನಿನ ಮಾತು ಕೇಳಿ ರೂಪುಗೊಳ್ಳುವ ಕಾಲ ಅದು. ಆಗ ತಪ್ಪಿದ್ದನ್ನು ಆಮೇಲೆ ತಿದ್ದುವುದು ಕಷ್ಟ.

ಈಗ ಕ್ಯಾನಿನ ಬುಡದ 7ಕ್ಕೆ ಬರೋಣ. ಆ ಅಂಕಿಯ ಗುಂಪಿನಲ್ಲಿ ಹಲವು ಬಗೆಯ ಪ್ಲಾಸ್ಟಿಕ್ ಇವೆ, ಆದರೆ ಟಣ್ ಅನ್ನುವ ಗಟ್ಟಿ ನೀಲಿ ಕ್ಯಾನು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಅದನ್ನು ಮಾಡುವುದು ಬಿಸ್ಫೆನಾಲ್-ಎ ಎಂಬ ವಸ್ತುವಿನಿಂದ. ಈ ಬಿಪಿಎ ಚರಿತ್ರೆ ಸ್ವಾರಸ್ಯವಾಗಿದೆ. 1936ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಕೃತಕ ಸ್ತ್ರೀ ಹಾರ್ಮೋನು ಹುಡುಕುತ್ತಿದ್ದಾಗ ಪರೀಕ್ಷಿಸಿದ ವಸ್ತುಗಳಲ್ಲಿ ಇದೂ ಒಂದು. ಕೆಲಸ ಮಾಡುತ್ತದೆ, ಆದರೆ ಸಾಲದು ಎಂದು ಪಕ್ಕಕ್ಕಿಟ್ಟರು. 1938ರಲ್ಲಿ ಅವರಿಗೆ ಇನ್ನೂ ಪ್ರಬಲವಾದ ಡಿಇಎಸ್ ಸಿಕ್ಕಿತು. ಅದನ್ನು ಗರ್ಭ ಉಳಿಯಲೆಂದು ಲಕ್ಷಾಂತರ ಬಸುರಿಯರಿಗೆ ಕೊಟ್ಟು, ಅವರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡದ್ದು 1971ರಲ್ಲಿ ಬಯಲಾಯಿತು. ಔಷಧಿಯಾಗದೆ ಉಳಿದ ಬಿಪಿಎ 1950ರ ದಶಕದಲ್ಲಿ ಪ್ಲಾಸ್ಟಿಕ್ಕಾಗಿ ಮರುಹುಟ್ಟು ಪಡೆಯಿತು. ಹಾರ್ಮೋನಿನ ಗುಣ ಇದೆ ಎಂದು ಗೊತ್ತಿದ್ದ ವಸ್ತುವಿನಿಂದಲೇ ಮಕ್ಕಳ ಹಾಲಿನ ಬಾಟಲಿ ಮಾಡಿದರು ಎಂಬುದು ನನಗಂತೂ ಇಂದಿಗೂ ಜೀರ್ಣವಾಗದ ಸಂಗತಿ.

ಸೋಪಿನ ಪುಡಿ ಹಾಕಿ ಕ್ಯಾನು ಕುಲುಕುವುದನ್ನು ಕಂಡಾಗ ನೆನಪಾಗುವುದು ಪೆಟ್ರೀಷಿಯಾ ಹಂಟ್ ಅವರ ಇಲಿಗಳು. 1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿದ್ದ ಅವರ ಪ್ರಯೋಗಾಲಯದಲ್ಲಿ, ಏನೂ ಪ್ರಯೋಗ ಮಾಡದೆ ಸುಮ್ಮನೆ ಹೋಲಿಕೆಗಾಗಿ ಸಾಕಿದ್ದ ಇಲಿಗಳ ಅಂಡಾಣುಗಳಲ್ಲಿ ಇದ್ದಕ್ಕಿದ್ದಂತೆ ವರ್ಣತಂತುಗಳು ಅಸ್ತವ್ಯಸ್ತವಾಗತೊಡಗಿದವು. ಶೇ 1ರಿಂದ 2ರಷ್ಟಿರಬೇಕಾದದ್ದು ಶೇ 40ಕ್ಕೆ ಏರಿತು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಗೊತ್ತಾದದ್ದು ಇಷ್ಟು: ಕೆಲಸದವರು ಯಾರೋ ನೆಲ ತೊಳೆಯುವ ಕ್ಷಾರದ ಮಾರ್ಜಕದಲ್ಲಿ ಇಲಿಯ ಪಾಲಿಕಾರ್ಬೊನೇಟ್ ಪಂಜರ ಮತ್ತು ನೀರಿನ ಬಾಟಲಿಗಳನ್ನು ತೊಳೆದಿದ್ದರು. ಪ್ಲಾಸ್ಟಿಕ್ ಸವೆದು ಬಿಪಿಎ ಜಿನುಗಿತ್ತು. ಹಳೆಯದಾದಷ್ಟೂ, ಕಾದಷ್ಟೂ, ಕ್ಷಾರದಲ್ಲಿ ತೊಳೆದಷ್ಟೂ ಪಾಲಿಕಾರ್ಬೊನೇಟಿನಿಂದ ಬಿಪಿಎ ಹೆಚ್ಚು ಬಿಡುತ್ತದೆ. ಗೀರುಬಿದ್ದು ಮಂಜಾದ ನಮ್ಮ ನೀಲಿ ಕ್ಯಾನಿಗೆ ಈ ಮೂರೂ ಆಗಿವೆ.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಮನುಷ್ಯನ ಒಂದು ಕಿಲೋ ತೂಕಕ್ಕೆ ದಿನಕ್ಕೆ 4 ಮೈಕ್ರೊಗ್ರಾಂ ಬಿಪಿಎವರೆಗೆ ಚಿಂತೆಯಿಲ್ಲ ಎಂದಿತ್ತು. 2023ರಲ್ಲಿ ಅದೇ ಪ್ರಾಧಿಕಾರ ಆ ಮಿತಿಯನ್ನು 0.2 ನ್ಯಾನೊಗ್ರಾಂಗೆ ಇಳಿಸಿತು. ಇಪ್ಪತ್ತು ಸಾವಿರ ಪಟ್ಟು ಕಡಿಮೆ! ಎಂಟು ವರ್ಷದಲ್ಲಿ ಬಿಪಿಎ ಬದಲಾಗಲಿಲ್ಲ, ಅದರ ಬಗ್ಗೆ ನಮ್ಮ ತಿಳಿವಳಿಕೆ ಬದಲಾಯಿತು. ಮಕ್ಕಳ ಹಾಲಿನ ಬಾಟಲಿಯಲ್ಲಿ ಅದನ್ನು ಯುರೋಪ್ 2011ರಲ್ಲೂ ಅಮೆರಿಕ 2012ರಲ್ಲೂ ಕೈಬಿಟ್ಟವು. ಭಾರತೀಯ ಮಾನಕ ಬ್ಯೂರೊ 2015ರ ತನ್ನ ಫೀಡಿಂಗ್ ಬಾಟಲಿ ಮಾನಕದಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಹಾಗಾಗಿ ಐಎಸ್‌ಐ ಗುರುತಿನ ಬಾಟಲಿ ಕೊಳ್ಳುವವರು ಅಷ್ಟರಮಟ್ಟಿಗೆ ನಿಶ್ಚಿಂತರು. ಜಗುಲಿಯ ಮೇಲಿನ ಅನಾಮಧೇಯ ಬಾಟಲಿಗೆ ಆ ಮಾತು ಅನ್ವಯಿಸುವುದಿಲ್ಲ. ಇನ್ನು 'ಬಿಪಿಎ ಫ್ರೀ' ಎಂದು ದೊಡ್ಡಕ್ಷರದಲ್ಲಿ ಬರೆದುಕೊಂಡ ಸಾಮಾನುಗಳಲ್ಲಿ ಎಷ್ಟೋ ಕಡೆ ಬಿಪಿಎಯ ದಾಯಾದಿಗಳಾದ ಬಿಪಿಎಸ್, ಬಿಪಿಎಫ್ ಬಂದು ಕೂತಿವೆ. ಅವುಗಳ ನಡತೆಯೂ ಅಷ್ಟೇನೂ ಬೇರೆಯಲ್ಲ.

ಚೈತ್ರದಲ್ಲಿ ಮಾಗಡಿಯ ತಿರುಮಲೆ ರಂಗನಾಥಸ್ವಾಮಿಯ ತೇರು. ಸುತ್ತಲ ಹಳ್ಳಿಯವರೆಲ್ಲ ಅಲ್ಲಿ. ತೇರಿನ ಮುಂದೆ ಬಾಳೆಹಣ್ಣು ದವನ ತೂರುವವರು, ಅರವಟಿಗೆಗಳಲ್ಲಿ ಪಾನಕ ಮಜ್ಜಿಗೆ, ಕಡಲೆಪುರಿಯ ಗುಡ್ಡಗಳು. ಮಕ್ಕಳ ಕಣ್ಣು ಮಾತ್ರ ಬೀದಿಯ ಆ ಬದಿಯಲ್ಲಿ. ಟಾರ್ಪಾಲಿನ ಮೇಲೆ ರಾಶಿ ಹಾಕಿದ ಕಾರು, ಬಸ್ಸು, ಜೆಸಿಬಿ, ಪಿಸ್ತೂಲು, ಪೀಪಿ, ಬಾರ್ಬಿಯ ತಂಗಿಯಂತಿರುವ ಗೊಂಬೆ, ಕೆಂಪು ನಾಲಿಗೆಯ ರಬ್ಬರ್ ಹಾವು. "ಯಾವ್ದ್ ತಗೊಂಡ್ರೂ ಮೂವತ್ತು, ಯಾವ್ದ್ ತಗೊಂಡ್ರೂ ಮೂವತ್ತು!" ಎಂದು ರೆಕಾರ್ಡು ಮಾಡಿದ ದನಿ ಒಂದೇ ಸಮನೆ ಕೂಗುತ್ತದೆ. ಹಾವನ್ನು ಎತ್ತಿ ಮೂಸಿದರೆ ಹೊಸ ರೈನ್‌ಕೋಟಿನ ವಾಸನೆ. ವಾಸನೆ ಇಲ್ಲದಿದ್ದರೆ ಒಳ್ಳೆಯದು ಎಂದೇನೂ ಅಲ್ಲ, ಥಾಲೇಟಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಐಎಸ್‌ಐ ಗುರುತಿಗೆ ಹುಡುಕಿದೆ. ಮಾರುವ ಹುಡುಗ ನನ್ನನ್ನೇ ಅನುಮಾನದಿಂದ ನೋಡಿ, "ವಾಪಸ್ ತಗೊಳಲ್ಲ ಸಾರ್" ಅಂದ.

ಹುಡುಕುವುದಕ್ಕೆ ಕಾರಣವಿದೆ. 2021ರ ಜನವರಿ 1ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಐಎಸ್ 9873 ಎಂಬ ಆ ಮಾನಕದ ಒಂದು ಭಾಗ ಪೂರ್ತಿ ಥಾಲೇಟುಗಳಿಗೇ ಮೀಸಲು. ಅಲ್ಲಿಗೆ ತಲುಪಲು ನಾವು ಬಹಳ ಹೊತ್ತು ತೆಗೆದುಕೊಂಡೆವು. ಯುರೋಪ್ ಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಥಾಲೇಟನ್ನು 1999ರಲ್ಲಿ ತಾತ್ಕಾಲಿಕವಾಗಿಯೂ 2005ರಲ್ಲಿ ಶಾಶ್ವತವಾಗಿಯೂ ತಡೆಯಿತು, ಮಿತಿ ತೂಕದ ಶೇ 0.1. ಅಮೆರಿಕ 2008ರಲ್ಲಿ ಕಾನೂನು ತಂದಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2010ರಲ್ಲಿ 24 ಆಟಿಕೆಗಳನ್ನು ಪರೀಕ್ಷಿಸಿದಾಗ ಎಲ್ಲದರಲ್ಲೂ ಥಾಲೇಟ್ ಸಿಕ್ಕಿತು, ಅರ್ಧಕ್ಕೆ ಹತ್ತಿರ ಆಟಿಕೆಗಳಲ್ಲಿ ಅಂತರರಾಷ್ಟ್ರೀಯ ಮಿತಿ ಮೀರಿತ್ತು. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದೆಹಲಿ ಸುತ್ತಿನ ಮಾರುಕಟ್ಟೆಯಿಂದ 121 ಬಗೆಯ ಆಮದು ಆಟಿಕೆ ತಂದು ನೋಡಿದರೆ ಶೇ 67ರಷ್ಟು ಒಂದಲ್ಲ ಒಂದು ಪರೀಕ್ಷೆಯಲ್ಲಿ ನಪಾಸು. ಎಲ್ಲವೂ ಥಾಲೇಟಿನಿಂದಲೇ ಬಿದ್ದದ್ದಲ್ಲ, ಚೂಪು ಅಂಚು, ಕಳಚಿಬರುವ ಚೂರುಗಳಿಂದ ಬಿದ್ದದ್ದೇ ಹೆಚ್ಚು. ಆ ವರದಿಯ ಮೇಲೆಯೇ ಆದೇಶ ಬಂತು. ದೊಡ್ಡ ಮಾಲ್‌ಗಳಲ್ಲಿ ಅದರ ಫಲ ಕಾಣುತ್ತದೆ. ಜಾತ್ರೆಯ ಟಾರ್ಪಾಲಿನವರೆಗೆ ಅದು ಇಳಿದಿಲ್ಲ.

ಇಲ್ಲಿ ನಗಬೇಕೋ ಅಳಬೇಕೋ ತಿಳಿಯದ ಮಾತೊಂದಿದೆ. ಈ ರಾಶಿ ಬಿದ್ದಿರುವುದು ಗೊಂಬೆಗಳ ಊರಿನ ಜಿಲ್ಲೆಯಲ್ಲಿ. ರಾಮನಗರ ಜಿಲ್ಲೆ, ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವುದು, ಚನ್ನಪಟ್ಟಣವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ.

ಚನ್ನಪಟ್ಟಣದ ಗಲ್ಲಿಯೊಂದರ ಕೆಲಸದ ಮನೆ. ಬಾಗಿಲಲ್ಲಿ ಆಲೆ ಮರದ ತುಂಡುಗಳನ್ನು ಒಟ್ಟಿದೆ, ತಿಂಗಳುಗಟ್ಟಲೆ ಒಣಗಬೇಕು. ಬಿಳಿ ಮರ, ಹಗುರ, ಕಡೆದರೆ ನಾರು ಏಳುವುದಿಲ್ಲ. ಲೇತ್ ತಿರುಗುತ್ತದೆ, ಉಳಿ ತಾಕಿದಲ್ಲಿ ಮರ ಸುರುಳಿ ಸುರುಳಿಯಾಗಿ ಬಿಚ್ಚಿ ಕಾಲಬುಡದಲ್ಲಿ ಬೀಳುತ್ತದೆ. ನೋಡನೋಡುತ್ತಿದ್ದಂತೆ ಒಂದು ಗುಂಡು ತಲೆ, ಒಂದು ಕುತ್ತಿಗೆ, ಒಂದು ಹೊಟ್ಟೆ. ಕುಶಲಕರ್ಮಿ ಬಣ್ಣ ಹಚ್ಚಲು ಬ್ರಷ್ ಎತ್ತಿಕೊಳ್ಳುವುದಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾನೆ. ಉಜ್ಜಿದ ಕಾವಿಗೇ ಅರಗು ಕರಗಿ ಮರದ ಮೇಲೆ ಹಬ್ಬುತ್ತದೆ, ಅರಿಸಿನದ ಹಳದಿ, ನೀಲಿಯ ನೀಲಿ, ಕಾಚಿನ ಕಂದು. ಆಮೇಲೆ ಕೇದಗೆಯ ಗರಿಯನ್ನು ಮಡಿಸಿ ಒತ್ತಿ ಹಿಡಿದರೆ ಒಂದೇ ಕ್ಷಣ, ಮಂಕಾಗಿದ್ದದ್ದು ಫಳಫಳ ಹೊಳೆಯುತ್ತದೆ. ಮುಟ್ಟಿ ನೋಡಿದರೆ ಇನ್ನೂ ಬೆಚ್ಚಗೆ. ಅರಗು ಅಂದರೆ ಮರದ ಕೊಂಬೆಯ ಮೇಲೆ ಅರಗಿನ ಹುಳ ಸುರಿಸುವ ಅಂಟು. ಒಂದು ತಾಲ್ಲೂಕಿನವರು ರೇಷ್ಮೆ ಹುಳದ ಎಳೆಯಿಂದ, ಇನ್ನೊಂದು ತಾಲ್ಲೂಕಿನವರು ಅರಗಿನ ಹುಳದ ಅಂಟಿನಿಂದ ಬದುಕಿದ ಜಿಲ್ಲೆ ಇದು.

ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬನ್ನು ಬೆಳೆಸಿದ ಎಂದು ಇಲ್ಲಿಯವರು ಹೇಳುತ್ತಾರೆ. ಬಾವಾಸ್ ಮಿಯಾನ್ ಅವರನ್ನು ಕಸುಬಿನ ತಂದೆ ಎಂದು ನೆನೆಯುತ್ತಾರೆ. 2005-06ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬೆಂಗಳೂರು-ಮೈಸೂರು ದಶಪಥ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಕಾರುಗಳು ಊರ ಹೊರಗಿಂದಲೇ ಹಾರಿಹೋಗುತ್ತವೆ, ಹಳೇ ರಸ್ತೆಯ ಬದಿಯ ಗೊಂಬೆ ಅಂಗಡಿಗಳಲ್ಲಿ ವ್ಯಾಪಾರ ಇಳಿದಿದೆ. ಅಂಗಡಿಯ ಒಳಗೂ ಮರದ ಕುದುರೆಯ ಪಕ್ಕದಲ್ಲೇ ಪ್ಲಾಸ್ಟಿಕ್ ಕುದುರೆ ತೂಗುಬಿದ್ದಿರುವುದು ಉಂಟು. ಬದುಕಬೇಕಲ್ಲ.

ಚನ್ನಪಟ್ಟಣದ್ದು ಅಂದಮಾತ್ರಕ್ಕೆ ಎಲ್ಲವೂ ಅಪ್ಪಟ ಅನ್ನುವಂತಿಲ್ಲ. ಅಗ್ಗದ ಮಾಲಿಗೆ ಗಿಡದ ಬಣ್ಣ ಹಾಕಿದರೆ ಪೂರೈಸುವುದಿಲ್ಲ, ರಾಸಾಯನಿಕ ಬಣ್ಣ ಬರುತ್ತದೆ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ಐಎಸ್‌ಐ ಕಡ್ಡಾಯದಿಂದ ವಿನಾಯಿತಿ ಇದೆ. ಮನೆಯ ಮೂಲೆಯಲ್ಲಿ ಲೇತ್ ಇಟ್ಟುಕೊಂಡವನ ತಲೆಯ ಮೇಲೆ ಪ್ರಯೋಗಾಲಯದ ಖರ್ಚು ಹೇರದಿರುವುದು ಸರಿಯೇ. ಆದರೆ ಪರೀಕ್ಷೆಯ ಖರ್ಚನ್ನು ಸರ್ಕಾರ ಹೊತ್ತು, ಬಣ್ಣ ಇಂಥದೇ ಎಂದು ಗೊಂಬೆಯ ಮೇಲೆ ಬರೆಸಿದ್ದರೆ ಗೊಂಬೆಯ ಬೆಲೆಯೂ ಏರುತ್ತಿತ್ತು, ತಾಯಂದಿರ ನಂಬಿಕೆಯೂ ಏರುತ್ತಿತ್ತು. ಆದರೂ ಗಿಲಕಿಯೊಂದನ್ನು ಮಗುವಿನ ಬಾಯಿಗೆ ಕೊಡುವುದೇ ಆದರೆ, ಗಿಡದ ಬಣ್ಣ ಎಂದು ಹೇಳಿ ಮಾರುವ ಮರದ ಗಿಲಕಿಯನ್ನೇ ನಾನು ಕೊಟ್ಟೇನು. ಅದರಲ್ಲಿ ಮೆತ್ತಗೆ ಮಾಡಬೇಕಾದದ್ದು ಏನೂ ಇಲ್ಲ.

ಹಿಂದಿರುಗುವ ದಾರಿಯಲ್ಲಿ ಬಿಡದಿ. ತಟ್ಟೆ ಇಡ್ಲಿಗೆ ನಿಲ್ಲದೆ ಹೋದವರು ಕಡಿಮೆ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದ ಸಂಗತಿ ರಾಜ್ಯದ ಇಡ್ಲಿಪ್ರಿಯರನ್ನೆಲ್ಲ ಒಂದು ಗಳಿಗೆ ಬೆಚ್ಚಿಸಿತ್ತು. ಆಹಾರ ಸುರಕ್ಷತಾ ಇಲಾಖೆ ರಾಜ್ಯದ ಸುಮಾರು 250 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದರು. ಕುದಿಯುವ ಹಬೆ, ತೆಳು ಹಾಳೆ, ಅದರ ಮೇಲೆ ಹಿಟ್ಟು. ಸರ್ಕಾರ ಅದನ್ನು ನಿಷೇಧಿಸಿತು. ಬಟ್ಟೆ ಒಗೆಯುವ ಕಷ್ಟ ತಪ್ಪಿಸಲು ಹೊಕ್ಕ ಅಭ್ಯಾಸ ಇದು. ಇಡ್ಲಿಯ ಹಾಳೆಯ ಮೇಲೆ ಗದ್ದಲವಾಯಿತು, ಕುದಿವ ಸಾಂಬಾರನ್ನು ಕವರಿಗೆ ಸುರಿದು ದಾರ ಸುತ್ತಿ ಕೊಡುವುದು, ಟೀಯನ್ನು ಕವರಿನಲ್ಲಿ ಕಟ್ಟಿ ಗಾರೆ ಕೆಲಸದ ಜಾಗಕ್ಕೆ ಕಳಿಸುವುದು ಹಾಗೇ ಮುಂದುವರಿದಿದೆ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಕ್ಯಾರಿಬ್ಯಾಗನ್ನು ನಿಷೇಧಿಸಿದ ರಾಜ್ಯ. ತೆಳು ಕವರಿನ ಅಸಲಿ ಪಾಲಿಥೀನ್‌ಗೆ ಥಾಲೇಟಿನ ಅಗತ್ಯವಿಲ್ಲ ಎಂಬುದು ನಿಜ. ಆದರೆ ಸಂತೆಯ ಕವರು ಯಾವ ಗುಜರಿಯಿಂದ ಕರಗಿ ಬಂದದ್ದು, ಅದರಲ್ಲಿ ಏನೇನು ಬೆರೆತಿದೆ ಎಂಬುದು ಕವರಿನ ಮೇಲೆ ಬರೆದಿರುವುದಿಲ್ಲ.

ಇಷ್ಟೆಲ್ಲ ಓದಿ ಕೈಚೆಲ್ಲುವ ಅಗತ್ಯವೂ ಇಲ್ಲ. ಡಿಡಿಟಿಯಂತೆ ಇವು ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಬಿಡಾರ ಹೂಡುವುದಿಲ್ಲ. ಬಿಪಿಎ, ಥಾಲೇಟ್ ಎರಡೂ ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗಿಬಿಡುತ್ತವೆ. ಇವತ್ತು ಮೈಯಲ್ಲಿರುವುದು ನಿನ್ನೆ ಇವತ್ತು ಒಳಗೆ ಹೋದದ್ದೇ. 2011ರಲ್ಲಿ ಅಮೆರಿಕದಲ್ಲಿ ಐದು ಕುಟುಂಬಗಳ 20 ಜನರಿಗೆ ಮೂರು ದಿನ ಡಬ್ಬಿ ಪ್ಯಾಕೆಟ್ಟಿನ ಊಟ ಬಿಡಿಸಿ, ತಾಜಾ ಅಡುಗೆಯನ್ನು ಪ್ಲಾಸ್ಟಿಕ್ ಸೋಕಿಸದೆ ಮಾಡಿ ಬಡಿಸಿ ನೋಡಿದರು. ಅವರ ಮೂತ್ರದಲ್ಲಿ ಬಿಪಿಎ ಸರಾಸರಿ ಶೇ 66ರಷ್ಟು ಇಳಿಯಿತು, ಡಿಇಎಚ್‌ಪಿ ಎಂಬ ಥಾಲೇಟಿನ ಕುರುಹುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಜಗುಲಿಯ ಅಜ್ಜಿಗೆ ಅಷ್ಟು ಕಷ್ಟವೂ ಇಲ್ಲ. ಅಡುಗೆ ತಾಜಾನೇ, ರಾಗಿ ಹೊಲದ್ದೇ. ಬದಲಿಸಬೇಕಾದದ್ದು ಬಟ್ಟಲು ಮಾತ್ರ, ಸ್ಟೀಲಿನ ಬಟ್ಟಲು ಅಟ್ಟದ ಮೇಲೆ ಕೂತಿದೆ. 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯದ ಬಿಸಿ ಹಾಲನ್ನು ಶಾಲೆಯ ಮಕ್ಕಳು ಸ್ಟೀಲ್ ಲೋಟದಲ್ಲಿ ಕುಡಿಯುವುದನ್ನು ನೋಡಿದ್ದೇನೆ. ಯಾರೂ ಹೇಳಿಕೊಡದೆ ಅಲ್ಲಿ ಸರಿಯಾದದ್ದೇ ನಡೆದಿದೆ. ಮಂಜಾದ ನೀಲಿ ಕ್ಯಾನನ್ನು ಗಿಡಕ್ಕೆ ನೀರು ಹೊರಲು ಬಿಟ್ಟು, ಕುಡಿಯುವ ನೀರಿಗೆ ಸ್ಟೀಲ್ ಕೊಳಗ ತರುವುದು ಮಾತ್ರ ಸ್ವಲ್ಪ ಭಾರದ ಕೆಲಸ, ಅದನ್ನು ಹೊರುವವರು ಹೆಂಗಸರಾದ್ದರಿಂದ ಸುಲಭವಾಗಿ ಉಪದೇಶ ಮಾಡಲು ನನಗೆ ಸಂಕೋಚ. ನೀರಿನ ಘಟಕ ನಡೆಸುವವರು ಹಳೆಯ ಕ್ಯಾನು ತಂದವರಿಗೆ ಹೊಸದನ್ನು ಕಡಿಮೆ ಬೆಲೆಗೆ ಕೊಡುವ ಏರ್ಪಾಟು ಮಾಡಬಹುದು. ಪಂಚಾಯಿತಿಯ ಕೈಯಲ್ಲಿ ಆಗುವ ಕೆಲಸ ಅದು.

ಜಾತ್ರೆಯ ರಾಶಿ ಮಾತ್ರ ಅಜ್ಜಿಯ ಕೈಯಲ್ಲಿಲ್ಲ. ಗುರುತಿಲ್ಲದ ಆಟಿಕೆ ಮಾರುವುದು ಕಾನೂನಿಗೆ ವಿರುದ್ಧ, ಅದನ್ನು ಹಿಡಿಯಬೇಕಾದವರು ಭಾರತೀಯ ಮಾನಕ ಬ್ಯೂರೊದವರು. ಅವರ ಬೆಂಗಳೂರು ಕಚೇರಿ ಇರುವುದು ಪೀಣ್ಯದಲ್ಲಿ, ಮಾಗಡಿಗೆ ಅಲ್ಲಿಂದ ಅಂಥ ದೂರವೇನಿಲ್ಲ. ಮೂವತ್ತು ರೂಪಾಯಿ ಆಟಿಕೆ ಮಾರುವ ಹುಡುಗನ ಟಾರ್ಪಾಲನ್ನು ಸುತ್ತಿ ಒಯ್ದರೆ ಪ್ರಯೋಜನವಿಲ್ಲ, ಆ ರಾಶಿಯನ್ನು ಅವನಿಗೆ ಸಗಟಾಗಿ ಕೊಟ್ಟ ಗೋದಾಮಿಗೆ ಹೋಗಬೇಕು. ನಿಮ್ಮ ಫೋನಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಹಾಕಿಕೊಳ್ಳಿ. ಆಟಿಕೆಯ ಮೇಲಿನ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಅದನ್ನು ಆ್ಯಪಿನಲ್ಲಿ ಹಾಕಿದರೆ ಆ ಪರವಾನಗಿ ಯಾರದ್ದು, ಈಗಲೂ ಊರ್ಜಿತದಲ್ಲಿದೆಯೇ ಎಂಬುದು ಗೊತ್ತಾಗುತ್ತದೆ. ಗುರುತೇ ಇಲ್ಲದಿದ್ದರೆ ದೂರು ಕೊಡುವ ಜಾಗವೂ ಅದೇ ಆ್ಯಪಿನಲ್ಲಿದೆ.